ನಾನು ಕೆತ್ತಿಸಿದ ಮೂಗು

ನಮ್ಮ ಮನೆಯ ದೇವರ ಗೂಡಿನಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಒಂದು ಹಿತ್ತಾಳೆ ಹೆಣ್ಣುಮೂರ್ತಿ ಇದೆ. ಅದರ ಮುಖ ಕೆಡಿಸಿದವಳು ನಾನು. ತಪ್ಪನ್ನು ಬೇರೆಯವರ ತಲೆಗೆ ಕಟ್ಟಿ ನೋಡಿದ್ದೇನೆ, ಅದರಿಂದ ನಾಚಿಕೆ ಇನ್ನಷ್ಟು ಹೆಚ್ಚಾಯಿತು.

ಇಂದಿರಾನಗರದ ದೊಡ್ಡ ಅಂಗಡಿಯೊಂದರಲ್ಲಿ ಮನೆಗೆ ಇಡುವ ಹಿತ್ತಾಳೆ ದೇವರುಗಳನ್ನು ಮಾರುವುದು ನನ್ನ ಕೆಲಸ. ಪ್ರತಿ ಮೂರ್ತಿಯ ಬುಡದಲ್ಲೂ ಒಂದು ಚೀಟಿ ಇರುತ್ತದೆ. ಮೇಲೆ ‘ಕೈಯಿಂದ ಮಾಡಿದ್ದು’ ಅಂತ, ಕೆಳಗೆ ಅದರ ಅರ್ಥ. ಗಣಪತಿಯ ದೊಡ್ಡ ಕಿವಿ ಹೆಚ್ಚು ಕೇಳು ಎನ್ನುವುದಕ್ಕೆ, ಸಣ್ಣ ಬಾಯಿ ಕಡಿಮೆ ಮಾತಾಡು ಎನ್ನುವುದಕ್ಕೆ. ಲಕ್ಷ್ಮಿಯ ತಾವರೆ ಕೆಸರಿನಲ್ಲಿದ್ದೂ ಕೆಸರು ಅಂಟಿಸಿಕೊಳ್ಳದೆ ಬದುಕುವುದಕ್ಕೆ. ಇದನ್ನೆಲ್ಲ ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಗಿಳಿಪಾಠ ಒಪ್ಪಿಸುತ್ತೇನೆ, ಬೇಕಾದರೆ ಅಷ್ಟಿಷ್ಟು ತಮಿಳಿನಲ್ಲೂ. ಗಿರಾಕಿಗಳು ‘ಎಷ್ಟು ಚೆನ್ನಾಗಿ ಹೇಳ್ತೀರ ರೀ’ ಅಂದಾಗ ನನಗೆ ಕೊಂಬು ಬರುತ್ತಿತ್ತು. ದೊಡ್ಡ ಕಿವಿಯ ಮಹಿಮೆಯನ್ನು ದಿನಕ್ಕೆ ಹತ್ತು ಸಲ ಹೇಳುವ ನನಗೆ ಕೇಳಿಸಿಕೊಳ್ಳುವ ಅಭ್ಯಾಸ ಮಾತ್ರ ಇರಲಿಲ್ಲ.

ನಮ್ಮ ಮನೆ ಕೆ.ಆರ್. ಪುರದಲ್ಲಿ, ರೈಲು ಹಳಿಯ ಹಿಂದಿನ ವಠಾರದ ಎರಡು ಕೋಣೆ. ಲಿಂಗಸುಗೂರು ಕಡೆಯ ಹಳ್ಳಿಯಿಂದ ಅಪ್ಪ ಗಾರೆ ಕೆಲಸಕ್ಕೆಂದು ಬಂದಾಗ ನನಗೆ ಆರು ವರ್ಷ. ಅಪ್ಪ ಈಗಿಲ್ಲ, ನಾನೂ ಅವ್ವನೂ ಇಬ್ಬರೇ. ಊರಿನಿಂದ ತಂದ ಸಾಮಾನಿನಲ್ಲಿ ಇವತ್ತಿಗೂ ಉಳಿದಿರುವುದು ಒಂದು ರೊಟ್ಟಿ ಹಂಚು ಮತ್ತು ಆ ಮೂರ್ತಿ.

ದಿನಾ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದ ಕೂಡಲೇ ಅವ್ವ ಹುಣಸೆಹಣ್ಣು ನೆನೆಸಿ ಅದನ್ನು ತಿಕ್ಕುತ್ತಿದ್ದಳು. ಉಳಿದ ದೇವರುಗಳಿಗೆ ಈ ಭಾಗ್ಯ ಹಬ್ಬ ಹುಣ್ಣಿಮೆಗೆ ಮಾತ್ರ. ತಿಕ್ಕಿ ತಿಕ್ಕಿ ಅದರ ಕಣ್ಣು, ಮೂಗು, ಬಾಯಿ ಎಲ್ಲ ಅಳಿದು ಮುಖ ಹುಣಸೆಬೀಜದ ಹಾಗೆ ನುಣ್ಣಗಾಗಿತ್ತು. ಅದು ದೇವರ ಸಾಲಿನಲ್ಲಿ ಇರುತ್ತಿರಲಿಲ್ಲ, ಒಂದು ಮೆಟ್ಟಿಲು ಕೆಳಗೆ ಬೇರೆಯೇ ಕೂರುತ್ತಿತ್ತು. ಹೊಸ ಸೀರೆ ತಂದರೆ ಅವ್ವ ಮೊದಲು ಅದರ ಮುಂದೆ ಇಟ್ಟು, ಅದರ ಹಣೆಗೆ ಕುಂಕುಮ ಹಚ್ಚಿ, ಆಮೇಲೆ ತಾನು ಉಡುತ್ತಿದ್ದಳು. ಹೋಳಿಗೆ ಮಾಡಿದರೆ ಮೊದಲ ಹೋಳಿಗೆ ಅದಕ್ಕೇ. ಇದನ್ನೆಲ್ಲ ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಯಾಕೆ ಅಂತ ಒಂದು ದಿನವೂ ಕೇಳಲಿಲ್ಲ.

ಒಂದು ದಸರೆಗೆ ಅಂಗಡಿಯ ಇಬ್ಬರು ಗೆಳತಿಯರು ಊಟಕ್ಕೆ ಬಂದರು. ಜೋಳದ ರೊಟ್ಟಿ, ಶೇಂಗಾ ಹೋಳಿಗೆ ಬೇಕು ಅಂತ ಅವರೇ ಕೇಳಿದ್ದರು. ಅವರಲ್ಲೊಬ್ಬಳು ಗೂಡಿನೊಳಗೆ ಕೈ ಹಾಕಿ ಮೂರ್ತಿಯನ್ನು ಎತ್ತಿಕೊಂಡಳು.

‘ಇದ್ಯಾವ ದೇವ್ರು ಕಣೇ? ಮುಖಾನೇ ಇಲ್ವಲ್ಲ!’

ಊರಿಗೆಲ್ಲ ದೇವರ ಅರ್ಥ ಹೇಳುವವಳ ಮನೆಯಲ್ಲೇ ಹೆಸರು ಗೊತ್ತಿಲ್ಲದ ದೇವರು. ಮಾನ ಹೋದ ಹಾಗಾಯಿತು.

‘ಅಯ್ಯೋ ಅದಾ? ಹಳೇ ಗುಜರಿ. ನಮ್ಮವ್ವ ಬಿಸಾಕೋಕೆ ಬಿಡಲ್ಲ ಅಷ್ಟೇ’ ಅಂದು ನಕ್ಕೆ. ಅವರೂ ನಕ್ಕರು.

ತಿರುಗಿದರೆ ಅವ್ವ ಅಡುಗೆ ಬಾಗಿಲಲ್ಲಿ ತಾಟು ಹಿಡಿದು ನಿಂತಿದ್ದಾಳೆ. ‘ಉಣ್ರಿ, ರೊಟ್ಟಿ ಆರತಾವ’ ಅಂದಳು, ಅಷ್ಟೇ. ಮರುದಿನ ಬೆಳಿಗ್ಗೆ ಎಂದಿನ ಹಾಗೆ ಮೂರ್ತಿಯನ್ನು ತಿಕ್ಕಿದಳು, ಆದರೆ ನನಗೆ ಬೆನ್ನು ಹಾಕಿಕೊಂಡು.

ಆಗಲೇ ಅವ್ವನ ಕಾಲು ಹಿಡಿದಿದ್ದರೆ ಮುಗಿದುಹೋಗುತ್ತಿತ್ತು. ನನಗೆ ಹೊಳೆದದ್ದೇ ಬೇರೆ. ಆ ಮೂರ್ತಿಗೆ ಹೊಸದಾಗಿ ಒಂದು ಚಂದದ ಮುಖ ಕೆತ್ತಿಸಿಬಿಡೋಣ, ಅವ್ವನಿಗೆ ಸಂತೋಷವಾಗುತ್ತದೆ ಅಂದುಕೊಂಡೆ. ಅವ್ವನ ಹೆಸರು ಬರೀ ನೆಪ. ಇನ್ನೊಂದು ಸಲ ಗೆಳತಿಯರು ಬಂದಾಗ ನನಗೆ ನಾಚಿಕೆಯಾಗಬಾರದು, ನಿಜವಾದ ಕಾರಣ ಅದು. ಮುಂದಿನ ತಿಂಗಳು ಅವ್ವ ನೆಂಟರ ಮದುವೆಗೆಂದು ನಾಲ್ಕು ದಿನ ಊರಿಗೆ ಹೊರಟಳು. ಹೋಗುವಾಗ ಹೊಸ್ತಿಲಲ್ಲಿ ನಿಂತು ‘ದಿನಾ ತಿಕ್ಕು, ಮರೀಬ್ಯಾಡ’ ಅಂದಳು. ಹೂಂ ಅಂದೆ. ಅವತ್ತೇ ಮೂರ್ತಿಯನ್ನು ಕರ್ಚೀಫಿನಲ್ಲಿ ಸುತ್ತಿ ಊಟದ ಬ್ಯಾಗಿಗೆ ಹಾಕಿಕೊಂಡು ಹಲಸೂರಿನಲ್ಲಿ ಮೆಟ್ರೋ ಇಳಿದೆ.

ಹಲಸೂರಿನ ಬಜಾರ್ ಬೀದಿಯ ಹಿಂದೆ ಒಂದು ಓಣಿಯಲ್ಲಿ ನಮ್ಮ ಅಂಗಡಿಯ ಮೂರ್ತಿಗಳನ್ನು ರಿಪೇರಿ ಮಾಡುವ ಮುದುಕ ಒಬ್ಬರಿದ್ದಾರೆ. ಮನೆಮಾತು ತಮಿಳು, ಕೈಯಲ್ಲಿ ಸದಾ ಉಳಿ. ಮೂರ್ತಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ತಿರುಗಿಸಿ ನೋಡಿದರು.

‘ಯಾವ ಸಾಮಿ ಮ್ಮಾ ಇದು?’

‘ಲಕ್ಷ್ಮಿ.’

‘ಕೈಯಲ್ಲಿ ಪೂ ಇಲ್ಲ, ಶಂಖ ಇಲ್ಲ. ಕೆಳಗೆ ಪೀಠ ಇಲ್ಲ. ಎರಡೇ ಕೈ, ಅದೂ ಖಾಲಿ. ಇದು ಸಾಮಿ ಮಾದಿರಿ ಕಾಣಲ್ಲಮ್ಮಾ. ಯಾರೋ ಮನುಷ್ಯರು ಇರ್ಬೇಕು. ಮನೇಲಿ ದೊಡ್ಡೋರನ್ನ ಕೇಳ್ಕೊಂಡು ಬಾ.’

ಆ ಮಾತಿಗೆ ನಾನು ಹಿಂದಿರುಗಬೇಕಿತ್ತು. ಕೈಯಲ್ಲಿ ಏನಿದೆ ಎಂಬುದರ ಮೇಲೆ ಯಾವ ದೇವರು ಅಂತ ಗುರುತಿಸಬೇಕು ಎಂದು ಗಿರಾಕಿಗಳಿಗೆ ಪಾಠ ಹೇಳುವವಳು ನಾನೇ ಅಲ್ಲವೇ? ಆದರೆ ಅವರು ನನಗೆ ಪಾಠ ಹೇಳಿದ್ದು ಚುಚ್ಚಿತು. ‘ಇದರ ವಿಷಯ ನಂಗೆ ಗೊತ್ತು ತಾತ. ಖಾಲಿ ಕೈ ಅಂದ್ರೆ ಕೊಟ್ಟು ಮುಗಿಸಿರೋ ಲಕ್ಷ್ಮಿ ಅಂತ ಅರ್ಥ’ ಅಂದೆ. ಆ ಅರ್ಥವನ್ನು ಅಲ್ಲೇ, ನಿಂತ ಕಾಲಲ್ಲಿ ಹುಟ್ಟಿಸಿದ್ದು. ಫೋನು ತೆಗೆದು ನಮ್ಮ ಅಂಗಡಿಯ ಲಕ್ಷ್ಮಿಯ ಚಿತ್ರ ತೋರಿಸಿದೆ. ಚೂಪು ಮೂಗು, ದೊಡ್ಡ ಕಣ್ಣು, ಬಿಲ್ಲಿನ ಹುಬ್ಬು.

‘ಮೂಗು ಬರಬೇಕು ಅಂದ್ರೆ ಕೆನ್ನೆ ತೆಗೀಬೇಕು. ತೆಗೆದ್ರೆ ಮತ್ತೆ ಹಾಕಕ್ಕಾಗಲ್ಲ.’

‘ತೆಗೀರಿ’ ಅಂದೆ.

ಎರಡು ದಿನ ಬಿಟ್ಟು ಹೋದಾಗ ಮುಖ ಮುಗಿದಿತ್ತು. ಕೆತ್ತಿದ ಹಿತ್ತಾಳೆಯ ಪುಡಿ ಹಾಳೆಯ ಮೇಲೆ ಬಿದ್ದಿತ್ತು, ಅವರು ಅದನ್ನು ಬೇರೆ ಪುಡಿಯ ಡಬ್ಬಕ್ಕೆ ಸುರಿದರು. ನನಗೆ ಅದರ ಕಡೆ ಗಮನವೇ ಇಲ್ಲ. ಮೂರ್ತಿ ಎಷ್ಟು ಚೆನ್ನಾಗಿತ್ತೆಂದರೆ ಮೆಟ್ರೋದಲ್ಲಿ ಮೂರು ಸಲ ಬ್ಯಾಗಿನಿಂದ ತೆಗೆದು ನೋಡಿದೆ.

ಅವ್ವ ಬಂದಳು. ಕಾಲು ತೊಳೆದು, ಬುತ್ತಿಗಂಟು ಇಳಿಸಿ, ನೇರ ಗೂಡಿನ ಹತ್ತಿರ ಹೋದಳು. ನಾನು ಹಿಂದೆ ನಗುತ್ತಾ ನಿಂತಿದ್ದೆ. ಅವಳು ಮೂರ್ತಿಯನ್ನು ನೋಡಿ, ಪಕ್ಕಕ್ಕೆ ಸರಿಸಿ, ಗೂಡಿನ ಮೂಲೆಯಲ್ಲಿ ಕೈಯಾಡಿಸಿದಳು.

‘ಇದು ಚಂದ ಐತಿ. ನಮ್ಮದು ಎಲ್ಲೈತಿ?’

‘ಇದೇ ಅವ್ವ ನಮ್ದು.’

ಅವ್ವ ಅದನ್ನು ಎತ್ತಿಕೊಂಡಳು. ಹೆಬ್ಬೆರಳನ್ನು ಮುಖದ ಮೇಲೆ ಎಂದಿನಂತೆ ಆಡಿಸಿದಳು. ಬೆರಳು ಮೂಗಿಗೆ ತಡೆದು ನಿಂತಿತು. ಅವಳು ಅಲ್ಲೇ ಗೋಡೆಗೆ ಒರಗಿ ಕೂತಳು.

ಆಮೇಲೆ ಹೇಳಿದಳು. ಆ ಮೂರ್ತಿ ದೇವರಲ್ಲ. ಅವ್ವನ ಒಡಹುಟ್ಟಿದ ಅಕ್ಕ, ಅಪ್ಪನ ಮೊದಲ ಹೆಂಡತಿ. ಬಾಣಂತನದಲ್ಲಿ ಕೂಸಿನ ಸಮೇತ ತೀರಿಕೊಂಡವಳು. ವರ್ಷ ತುಂಬುವುದರೊಳಗೆ ಅವ್ವನನ್ನು ಅದೇ ಮನೆಗೆ ಕೊಟ್ಟರು. ಸತ್ತವಳ ಜಾಗಕ್ಕೆ ಬಂದವಳು ಅವಳ ಮೂರ್ತಿ ಮಾಡಿಸಿ ಮನೆಯಲ್ಲಿಟ್ಟುಕೊಂಡು, ಉಡುವ ಮೊದಲು ಅವಳಿಗೆ ಉಡಿಸಿ, ಉಣ್ಣುವ ಮೊದಲು ಅವಳಿಗೆ ಇಟ್ಟು ಬಾಳಬೇಕು ಎನ್ನುವುದು ನಮ್ಮ ಕಡೆಯ ನಡಾವಳಿ. ಅಕ್ಕ ನೀರು ಕುಡಿಯುತ್ತಿದ್ದ ತಂಬಿಗೆಯನ್ನೇ ಕರಗಿಸಿ ಎರಕ ಹೊಯ್ಯಿಸಿದ್ದರಂತೆ. ಎರಕದವನು ಅಕ್ಕನನ್ನು ಕಂಡವನಲ್ಲ. ಅವ್ವ ಎರಡು ದಿನ ಅವನ ಪಕ್ಕ ಕೂತು, ಮೂಗು ಅಗಲ, ಹಣೆ ಸಣ್ಣದು, ಗಲ್ಲದಲ್ಲೊಂದು ಕುಳಿ ಅಂತ ಹೇಳಿ ಹೇಳಿ ಮಾಡಿಸಿದ್ದಳು. ಅಕ್ಕನ ಫೋಟೋ ಎಲ್ಲೂ ಇಲ್ಲ.

‘ಸವದಿತ್ತು, ಗೊತ್ತೈತಿ. ಕಣ್ಣಿಗೆ ಆಕಿ ಮುಖ ನನಗೂ ಮರತುಹೋಗೇತಿ. ಬೆರಳಿಗೆ ನೆನಪಿತ್ತು’ ಅಂದಳು.

‘ಮೊದ್ಲೇ ಹೇಳಬಾರದಿತ್ತಾ?’ ಅಂತ ತಿರುಗಿ ನಾನೇ ಜೋರು ಮಾಡಿದೆ.

‘ದಿನಾ ನಿನ್ನ ಮುಂದನ ಮಾಡತಿದ್ನಲ್ಲ’ ಅಂದಳು ಅವ್ವ.

ಅದಕ್ಕೆ ನನ್ನ ಬಾಯಲ್ಲಿ ಬಂದದ್ದು ಹೀಗೆ: ‘ಆ ಮುದುಕನೇ ಲಕ್ಷ್ಮಿ ಅಂದ್ಕೊಂಡು ಹಿಂಗೆ ಮಾಡ್ಬಿಟ್ಟ ಅವ್ವ. ನಾನು ಬರೀ ಹೊಳಪು ಕೊಡೋಕೆ ಕೊಟ್ಟಿದ್ದೆ.’

ಅವ್ವ ನಂಬಿದಳು. ‘ಪಾಪ, ಅವಗೇನು ಗೊತ್ತು’ ಅಂದಳು. ಕೇಳಿಕೊಂಡು ಬಾ ಎಂದು ಅವರು ಹೇಳಿದ್ದನ್ನು ಇವತ್ತಿಗೂ ನಾನು ಅವ್ವನಿಗೆ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ. ಅವ್ವನಿಗೆ ಓದಲು ಬರುವುದಿಲ್ಲ, ಆದ್ದರಿಂದ ಇದೂ ಹೇಡಿತನವೇ.

ಮರುವಾರ ಹಲಸೂರಿಗೆ ಹೋಗಿ ಆ ಮೂಗನ್ನು ಅರದಿಂದ ತೆಗೆಸುತ್ತೇನೆ ಅಂದೆ. ‘ಇನ್ನ ಉಳಿ ಮುಟ್ಟಸಬ್ಯಾಡ’ ಅಂತ ಅವ್ವ ತಡೆದಳು. ಹುಣಸೆಹಣ್ಣಿನ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ಅಂದಿನಿಂದ ದಿನಾ ಬೆಳಿಗ್ಗೆ ತಿಕ್ಕುವವಳು ನಾನು. ಅಂಗಡಿಯಲ್ಲಿ ಈಗಲೂ ಅರ್ಥ ಹೇಳುತ್ತೇನೆ, ಹೊಟ್ಟೆಪಾಡು. ಗಣಪತಿಯ ಕಿವಿಯ ಹತ್ತಿರ ಬಂದಾಗ ನನ್ನ ಧ್ವನಿ ಸಣ್ಣದಾಗುತ್ತದೆ.

ಈ ಯುಗಾದಿಗೆ ಅವ್ವನಿಗೊಂದು ಇಳಕಲ್ ಸೀರೆ ತಂದೆ. ಅವಳು ಎಂದಿನಂತೆ ಅದನ್ನು ಗೂಡಿನ ಮುಂದೆ ಇಟ್ಟಳು. ಕುಂಕುಮದ ಬಟ್ಟಲಿಗೆ ಬೆರಳು ಅದ್ದಿದಳು. ಬೆರಳು ಹಣೆಯವರೆಗೆ ಹೋಗಿ ನಿಂತಿತು. ಆಮೇಲೆ ಕೆಳಗಿಳಿದು ಮೂರ್ತಿಯ ಪಾದಕ್ಕೆ ಕುಂಕುಮ ಹಚ್ಚಿತು.

‘ಹಣೆಗೆ ಹಚ್ಚಲ್ವಾ ಅವ್ವ?’ ಆ ಮೂರ್ತಿಯ ಬಗ್ಗೆ ತಿಳಿದುಕೊಳ್ಳಲೆಂದು ನಾನು ಅವ್ವನನ್ನು ಕೇಳಿದ ಮೊದಲ ಪ್ರಶ್ನೆ ಅದು.

‘ಅಕ್ಕ ಅಂತ ಹಣಿಗೆ ಹಚ್ಚತಿದ್ದೆ. ಈಕಿ ಲಕ್ಷ್ಮಿ, ಕಾಲಿಗೇ ಹಚ್ಚಬೇಕು’ ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮೂರ್ತಿಯನ್ನು ಎತ್ತಿ, ಮೇಲಿನ ಮೆಟ್ಟಿಲಿನಲ್ಲಿ, ಉಳಿದ ದೇವರುಗಳ ಸಾಲಿನಲ್ಲಿ ಇಟ್ಟಳು. ಕೆಳಗಿನ ಮೆಟ್ಟಿಲು ಖಾಲಿಯಾಯಿತು.