ಸತ್ತವನ ಗೇರ್‌ಬಾಕ್ಸ್

ಮಕ್ಕಳೇ, ನಿಮ್ಮ ತಾತನ ಲಾರಿಯನ್ನು ನೀವು ಯಾರೂ ನೋಡಿಲ್ಲ. ಎಪ್ಪತ್ತರ ದಶಕದ ನಡುವೆ ನಾವು ರಾಜಾಜಿನಗರದ ಒಂದು ಶೀಟಿನ ಮನೆಯಲ್ಲಿದ್ದೆವು. ಲಾರಿ ಬಾಗಿಲ ಮುಂದೆಯೇ ನಿಲ್ಲುತ್ತಿತ್ತು. ಉದ್ದ ಮೂತಿ, ದುಂಡು ದೀಪ, ಬ್ರಿಟಿಷರ ಕಾಲದ್ದು. ಬೇರೆಯವರೆಲ್ಲ ಹೊಸ ಡೀಸೆಲ್ ಲಾರಿ ಕೊಂಡರೂ ನಿಮ್ಮ ತಾತ ಅದನ್ನು ಬಿಡಲಿಲ್ಲ. ಕೆಂಗೇರಿಯಾಚೆಯ ಕಲ್ಲುಕ್ವಾರಿಯಿಂದ ಜಲ್ಲಿ ತಂದು, ವಿಜಯನಗರದಲ್ಲಿ ಕಟ್ಟುತ್ತಿದ್ದ ಮನೆಗಳಿಗೆ ಹಾಕುತ್ತಿದ್ದರು.

ಒಂದು ವರ್ಷ ಅದರ ಗೇರ್‌ಬಾಕ್ಸ್ ಒಡೆಯಿತು. ಒಳಗಿನ ಹಲ್ಲುಗಳು ಪುಡಿಯಾಗಿದ್ದವು. ಮಿಸ್ತ್ರಿ ಗುಜರಿಗಳನ್ನೆಲ್ಲ ಸುತ್ತಿ ಎರಡು ಗೇರ್‌ಬಾಕ್ಸ್ ಹುಡುಕಿದ. ಒಂದು ಡೀಸೆಲ್ ಲಾರಿಯದು, ಹೊಸ ಬಗೆಯದು. ಒಂದೇ ಸಲ ಕ್ಲಚ್ ತುಳಿದರೆ ಗೇರ್ ಸಲೀಸಾಗಿ ಬೀಳುತ್ತದಂತೆ. ಆದರೆ ಅದನ್ನು ಕೂರಿಸಲು ಅಲ್ಲಿಲ್ಲಿ ಕೊಯ್ದು ಬೆಸುಗೆ ಹಾಕಬೇಕು. ಇನ್ನೊಂದು ನಮ್ಮ ಲಾರಿಯ ಜಾತಿಯದೇ. ಎರಡು ಸಲ ಕ್ಲಚ್ ತುಳಿದು, ನಡುವೆ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಗೇರ್ ಹಾಕಬೇಕು. ಹಾಗೆ ಹಾಕಬಲ್ಲವನೇ ಡ್ರೈವರ್ ಎಂಬ ಹೆಮ್ಮೆ ನಿಮ್ಮ ತಾತನಿಗೆ.

ಆ ಎರಡನೆಯದು ಎಲ್ಲಿಂದ ಬಂತೆಂದು ಮಿಸ್ತ್ರಿ ಕಾಫಿ ಕುಡಿಯುತ್ತಾ ಹೇಳಿದ. ಕೆಂಗೇರಿಯಾಚೆಯ ಇಳಿಜಾರಿನಲ್ಲಿ ಮಗುಚಿದ ಲಾರಿಯದು. ಡ್ರೈವರ್ ಅಲ್ಲೇ ಹೋದನಂತೆ. ಅವನ ಎಡಗೈ ಗೇರ್ ಲಿವರನ್ನು ಹಿಡಿದೇ ಇತ್ತಂತೆ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತಂತೆ. ಲಿವರಿನ ತುದಿಯ ಕಪ್ಪು ಗುಂಡು ಹೆಬ್ಬೆರಳು ಊರುವ ಕಡೆ ಸವೆದು ಗುಳಿಬಿದ್ದಿತ್ತು. ಇವರು ತಮ್ಮ ಹೆಬ್ಬೆರಳನ್ನು ಅಲ್ಲಿಟ್ಟರು. ಅಳತೆ ತೆಗೆದು ಮಾಡಿದ ಹಾಗೆ ಕೂತಿತು.

"ನೋಡೇ, ನನ್ನ ಕೈಗೇ ಮಾಡಿದ ಹಾಗಿದೆ," ಎಂದು ನಕ್ಕರು.

ಅವರು ಓಡಾಡುವುದೂ ಅದೇ ಇಳಿಜಾರಿನಲ್ಲಿ. ಬೇಡ ಎನ್ನಬೇಕಿತ್ತು. ಹಳ್ಳಿಯಲ್ಲಿ ಏಳನೇ ಕ್ಲಾಸು ಓದಿ ಬಂದವಳು ನಾನು. ಮದುವೆಯಾಗಿ ಹತ್ತು ವರ್ಷವಾದರೂ ಅವರೆದುರು ಬೇಡ ಎಂಬ ಮಾತು ಆಡಿದವಳಲ್ಲ.

ಆ ಗೇರ್‌ಬಾಕ್ಸ್ ನಾಲ್ಕು ದಿನ ನಮ್ಮ ಜಗಲಿಯಲ್ಲಿ ಗೋಣಿತಾಟಿನ ಮೇಲಿತ್ತು. ಬೆಳಿಗ್ಗೆ ಕಸ ಗುಡಿಸುವಾಗ ಲಿವರ್ ಗೋಡೆಯ ಕಡೆ ವಾಲಿರುತ್ತಿತ್ತು. ನಲ್ಲಿಯಿಂದ ನೀರು ಹೊತ್ತು ಬಂದರೆ ಬಾಗಿಲ ಕಡೆ ತಿರುಗಿರುತ್ತಿತ್ತು. ಬೀದಿಯವರು ಯಾರೋ ಆಡಿಸಿರಬೇಕು ಎಂದುಕೊಂಡೆ. ಮರುದಿನ ಬಾಗಿಲಲ್ಲೇ ಕೂತು ಅಕ್ಕಿ ಆರಿಸಿದೆ. ಯಾರೂ ಬರಲಿಲ್ಲ. ತಟ್ಟೆಯಿಂದ ತಲೆಯೆತ್ತಿದಾಗ ಲಿವರ್ ನನ್ನ ಕಡೆಗಿತ್ತು.

ಸತ್ತವನ ಕೈಯದು ಎಂಬ ಅಳುಕು ಅವರಿಗೂ ಇತ್ತೇನೋ. ಕೊನೆಗೆ ಇವರೇ, ದೇವರ ಹತ್ತಿರ ಹೂವು ಕಟ್ಟಿ ಕೇಳೋಣ ಎಂದರು. ನಮ್ಮಲ್ಲಿ ಮನಸ್ಸು ಎರಡಾದಾಗ ಹೀಗೆ ಮಾಡುತ್ತಿದ್ದರು. ಬಿಳಿ ಹೂವೊಂದು, ಕೆಂಪು ಹೂವೊಂದು. ಎರಡನ್ನೂ ಬಾಳೆಲೆ ಚೂರಿನಲ್ಲಿ ಸುತ್ತಿ, ದಾರ ಕಟ್ಟಿ, ದೇವರ ಮುಂದಿಟ್ಟು ಒಂದನ್ನು ಎತ್ತಬೇಕು. ಕೆಂಪು ಬಂದರೆ ಹಳೆಯದು, ಬಿಳಿ ಬಂದರೆ ಹೊಸದು ಎಂದು ಮಾತಾಯಿತು. ಪೊಟ್ಟಣ ಕಟ್ಟುವ ಕೆಲಸ ನನ್ನದು.

ನಾನು ಎರಡರಲ್ಲೂ ಬಿಳಿ ಕಣಗಿಲೆಯನ್ನೇ ಕಟ್ಟಿದೆ. ಬಾಯಿಬಿಟ್ಟು ಹೇಳಲಾರದವಳು ದೇವರಿಗೇ ಮೋಸ ಮಾಡಲು ಹೊರಟಿದ್ದೆ. ಕೆಂಪು ಹೂವಿನ ಗಿಡದ ಹತ್ತಿರ ಅವತ್ತು ಹೋಗಿಯೇ ಇರಲಿಲ್ಲ.

ಇವರು ಸ್ನಾನ ಮಾಡಿ ಬಂದು, ಕಣ್ಣುಮುಚ್ಚಿ ಒಂದು ಪೊಟ್ಟಣ ಎತ್ತಿ, ದಾರ ಬಿಚ್ಚಿದರು. ಒಳಗೆ ಕೆಂಪು ಕಣಗಿಲೆ ಇತ್ತು.

ಅವರು ಕಣ್ಣಿಗೊತ್ತಿಕೊಂಡು ಎದ್ದುಹೋದರು. ನಾನು ಇನ್ನೊಂದನ್ನು ಬಿಚ್ಚಿದೆ. ಅದರಲ್ಲಿ ನಾನಿಟ್ಟ ಬಿಳಿಯದೇ ಇತ್ತು. ನನ್ನ ಕೈಯೇ ತಪ್ಪಿತೋ ಎಂದು ಇವತ್ತಿಗೂ ನೆನೆಸಿಕೊಳ್ಳುತ್ತೇನೆ. ತಪ್ಪಿರಲಿಲ್ಲ.

ಸತ್ತವನ ಗೇರ್‌ಬಾಕ್ಸ್ ಲಾರಿಗೆ ಕೂತಿತು. ಮೊದಲ ಲೋಡಿಗೆ ಹೊರಟಾಗ ನಾನೂ ಬರುತ್ತೇನೆ ಎಂದು ಹತ್ತಿಬಿಟ್ಟೆ. ಅವರಿಗೆ ಆಶ್ಚರ್ಯ. ಜಲ್ಲಿಯ ಧೂಳು ತಿನ್ನುವ ಆಸೆಯೇನೇ ಎಂದು ರೇಗಿಸಿದರು. ಕ್ವಾರಿಯಲ್ಲಿ ಲೋಡು ತುಂಬಿ ಆ ಇಳಿಜಾರಿಗೆ ಬಂದಾಗ ಸುಡುವ ಮಧ್ಯಾಹ್ನ. ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ.

ಮೂರನೇ ಗೇರಿನಲ್ಲಿ ಇಳಿಯುತ್ತಿದ್ದೆವು. ಲಿವರ್ ಟಕ್ಕೆಂದು ತಾನಾಗಿ ನ್ಯೂಟ್ರಲ್ಲಿಗೆ ಬಂತು. ಹಿಂದಿನ ಭಾರ ಲಾರಿಯನ್ನು ನೂಕಿತು, ಬರೀ ಬ್ರೇಕಿಗೆ ನಿಲ್ಲುವಂತಿರಲಿಲ್ಲ. ಇವರು ಎರಡು ಸಲ ಕ್ಲಚ್ ತುಳಿದು ಮತ್ತೆ ಹಾಕಿದರು. ಮತ್ತೆ ಟಕ್. ಮೂರನೇ ಸಲ ಹಾಕಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, "ಲೇ, ಇದನ್ನ ಹಿಡ್ಕೋ, ಬಿಡಬೇಡ," ಎಂದರು.

ಹಿಡಿದೆ. ಯಂತ್ರದ ನಡುಕ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಇದು ಅದಲ್ಲ. ತಳ್ಳಿ, ಸ್ವಲ್ಪ ತಡೆದು, ನಾನು ಸಡಿಲ ಬಿಟ್ಟೆನೇ ಎಂದು ನೋಡಿ, ಮತ್ತೆ ತಳ್ಳುತ್ತಿತ್ತು. ನನ್ನ ಹೆಬ್ಬೆರಳು ಆ ಗುಳಿಯಲ್ಲಿತ್ತು. ಅದರ ಕೆಳಗೆ ಇನ್ನೊಂದು ಹೆಬ್ಬೆರಳು ಬೆಚ್ಚಗೆ ಇದ್ದಂತಿತ್ತು. ಮೈಯೆಲ್ಲಾ ಭಾರ ಹಾಕಿ ಒತ್ತಿಹಿಡಿದೆ.

ಇಳಿಜಾರು ಮುಗಿದು ಹೊಂಗೆಮರದ ಕೆಳಗೆ ಲಾರಿ ನಿಂತಮೇಲೂ ನನ್ನ ಕೈ ಲಿವರನ್ನು ಬಿಡಲಿಲ್ಲ. ಇವರೇ ಬೆರಳು ಬಿಡಿಸಿದರು. ಆಗ ಹೇಳಿದೆ, ಎರಡರಲ್ಲೂ ಬಿಳಿಯದೇ ಕಟ್ಟಿದ್ದೆನೆಂದು. ನೀವೇನಾದರೂ ಬದಲಾಯಿಸಿದಿರಾ ಎಂದೂ ಕೇಳಿದೆ. ಪೊಟ್ಟಣದ ಹತ್ತಿರವೂ ಸುಳಿದಿರಲಿಲ್ಲ ಎಂದು ಲಾರಿಯ ಮೇಲೆ ಕೈಯಿಟ್ಟು ಆಣೆ ಮಾಡಿದರು.

"ಅವತ್ತೇ ಬಾಯಿಬಿಟ್ಟು ಹೇಳಬಾರದಿತ್ತೇನೇ?"

"ಈಗ ಹೇಳ್ತಾ ಇದೀನಲ್ಲ. ಇದು ಬೇಡ ಕಣ್ರೀ."

ಮರುದಿನ ಮಿಸ್ತ್ರಿ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಸಾಮಾನೆಲ್ಲ ಗೋಣಿತಾಟಿನ ಮೇಲೆ ಹರಡಿದ. ಗೇರನ್ನು ಜಾಗದಲ್ಲಿ ಹಿಡಿದಿಡುವ ಸ್ಪ್ರಿಂಗ್ ಸರಿಯಿತ್ತು. ಅದರ ಉಕ್ಕಿನ ಗುಂಡುಗಳು ಸರಿಯಿದ್ದವು. ಹಲ್ಲು ಸವೆದಿರಲಿಲ್ಲ. ಗೇರ್ ಜಾರಲು ಕಾರಣವೇ ಇಲ್ಲ ಎಂದ. ಇವರು ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, ಇನ್ನೊಂದನ್ನೇ ಹಾಕು ಎಂದರು.

"ಏನಣ್ಣ, ಹೆಂಡ್ತಿ ಮಾತು ಕೇಳಿ ಗೇರ್‌ಬಾಕ್ಸ್ ಬದಲಾಯಿಸಿದ ಡ್ರೈವರನ್ನ ನಾನು ನೋಡೇ ಇರಲಿಲ್ಲ," ಎಂದ ಮಿಸ್ತ್ರಿ.

ಇವರು ನಗಲಿಲ್ಲ. ಆ ತುಂಡುಗಳನ್ನು ಬಿಡಿಬಿಡಿಯಾಗಿಯೇ ಮೂಟೆ ಕಟ್ಟಿಸಿ, ಎರಕದ ಕುಲುಮೆಗೆ ತಾವೇ ಒಯ್ದರು. ಕರಗುವವರೆಗೂ ಅಲ್ಲೇ ನಿಂತಿದ್ದು ಬಂದರು.

ಹೊಸ ಗೇರ್‌ಬಾಕ್ಸಿಗೆ ಅವರ ಕಾಲು ಒಗ್ಗಲು ತುಂಬ ದಿನ ಹಿಡಿಯಿತು. ಬೇಡದಿದ್ದರೂ ಎರಡೆರಡು ಸಲ ಕ್ಲಚ್ ತುಳಿದು, ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಆ ಇಳಿಜಾರಿನಲ್ಲಿ ಇನ್ನೂ ಹನ್ನೊಂದು ವರ್ಷ ಓಡಾಡಿ, ದಿನವೂ ಊಟಕ್ಕೆ ಮನೆಗೆ ಬಂದರು.