ಟೇಬಲ್ ಮಾಡಿದ ಬೆಂಬಲ

ನೌರೀನ್ ಮೊದಲ ಸಲ ಡಾಕ್ಟರ್ ದ್ವಾರಕಾನಾಥರನ್ನು ಕಂಡಾಗ ಅವರು ಕುರ್ಚಿ ಹತ್ತಿ ನಿಂತು ಗೋಡೆಗೆ ಬಾವುಟ ಹೊಡೆಯುತ್ತಿದ್ದರು. ಅಮೆರಿಕದ ವಾಲ್ನಟ್ ಕ್ರೀಕ್‌ನಲ್ಲಿ ಹಲ್ಲಿನ ಕ್ಲಿನಿಕ್ಕೊಂದರ ಮೇಲಿನ ಸಣ್ಣ ಕೋಣೆ. ನೀಲಿ ಬಟ್ಟೆಯ ನಡುವೆ ಬಿಳಿ ಆಮೆ. ಡಾಕ್ಟರ ಒಂದು ಕೈಯಲ್ಲಿ ಸುತ್ತಿಗೆ, ತುಟಿಗಳ ನಡುವೆ ಮೊಳೆ. ಅವರೇನೋ ಗೊಣಗಿದರು, ಅವಳಿಗೆ ತಿಳಿಯಲಿಲ್ಲ. ಕುರ್ಚಿ ವಾಲಿದ್ದು ಮಾತ್ರ ಕಂಡಿತು.

“ಸಾವಕಾಶ್ರಿ ಸರ್, ಬಿದ್ದೀರಿ!” ಎಂದು ಓಡಿ ಹಿಡಿದಳು.

ಮೊಳೆ ಉಗುಳಿ ಅವರು ಕೇಳಿದರು, “ಯಾವೂರಮ್ಮಾ ನಿಂದು?”

“ನವಲಗುಂದ್ರಿ.”

“ಇಂಟರ್‌ವ್ಯೂಗೆ ಬಂದವಳು ನೀನೇನಾ? ಕುರ್ಚಿ ಹಿಡ್ಕೊಂಡ್ಯಲ್ಲ, ಪಾಸು!”

ಪೆಸಿಫಿಕ್ ಸಾಗರದ ತೊಲೆಫಾ ಎಂಬ ಚಿಕ್ಕ ದ್ವೀಪದೇಶದ ಗೌರವ ಕಾನ್ಸಲ್, ಎಂದರೆ ಇಲ್ಲಿ ಆ ದೇಶದ ಪ್ರತಿನಿಧಿ ಅವರು. ಮೈಸೂರಿನಲ್ಲಿ ಓದಿ, ಪ್ರಾಯದಲ್ಲಿ ಆ ದ್ವೀಪದ ಆಸ್ಪತ್ರೆಯಲ್ಲಿ ದುಡಿದವರು. ನಿವೃತ್ತಿಯಾದ ಮೇಲೆ ಆ ದೇಶ ಅವರಿಗೆ ಈ ಸಂಬಳವಿಲ್ಲದ ಹುದ್ದೆ ಕೊಟ್ಟಿತ್ತು. ನೌರೀನ್ ಡಾಕ್ಟರ ಪತ್ರ ಬರೆಯುವವಳಾದಳು. ತನ್ನ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು, ಅದೂ ಇಂಗ್ಲಿಷಿನಲ್ಲಿ. ಆ ಇಂಗ್ಲಿಷಿನ ಮೇಲೆ ಅವಳಿಗೆ ತುಂಬ ನಂಬಿಕೆಯಿತ್ತು.

ಒಂದು ವರ್ಷದ ನಂತರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸುಧಾರಣೆ ಕುರಿತು ಒಂದು ಸಭೆ ಸೇರಿತು. ಆ ಮಂಡಳಿಯಲ್ಲಿ ಐದು ದೊಡ್ಡ ದೇಶಗಳ ಪೈಕಿ ಒಂದು ಬೇಡವೆಂದರೂ ಉಳಿದವರ ಮಾತು ಬಿದ್ದುಹೋಗುತ್ತದೆ. ಅದು ಬದಲಾಗಬೇಕು, ಸಣ್ಣ ದೇಶಗಳಿಗೂ ಅಲ್ಲಿ ಜಾಗ ಬೇಕು ಎಂದು ಹೇಳಲು ತೊಲೆಫಾಕ್ಕೂ ಕೆಲವು ನಿಮಿಷ ಸಿಕ್ಕಿದ್ದವು. ಅಂಥ ಅವಕಾಶ ಆ ದೇಶಕ್ಕೆ ಹಿಂದೆ ಎಲ್ಲೂ ಸಿಕ್ಕಿರಲಿಲ್ಲ.

ಸಭೆಯ ದಿನ ಬೆಳಿಗ್ಗೆ ಇಬ್ಬರೂ ರೈಲಿನಲ್ಲಿದ್ದಾಗ ಡಾಕ್ಟರ ಫೋನು ರಿಂಗಾಯಿತು. ತೊಲೆಫಾದ ಮಂತ್ರಿ. ಆ ಕಡೆಯ ಕೂಗು ನೌರೀನ್‌ಗೂ ಕೇಳಿಸಿತು. ತೊಲೆಫಾ ತನ್ನ ಬೆಂಬಲವನ್ನು ಮುಂದಕ್ಕೆ ಹಾಕಿದೆ ಎಂದು ಸಭೆಯವರು ಪ್ರಕಟಿಸಿದ್ದಾರಂತೆ. ಹಾಗೆ ಹೇಳಲು ನಿಮಗೆ ಯಾರು ಹೇಳಿದರು ಎಂದು ಮಂತ್ರಿ ಕೂಗಾಡಿದರು. ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ರೈಲು ಕೊಲ್ಲಿಯ ಕೆಳಗಿನ ಸುರಂಗ ಹೊಕ್ಕಿತು. ಫೋನು ಸತ್ತಿತು.

“ಸಭೆಯವರಿಗೆ ಏನಮ್ಮಾ ಬರೆದಿದ್ದೆ?”

“ಸುಧಾರಣೆಗೆ ನಮ್ಮ ಬೆಂಬಲ ಟೇಬಲ್ ಮಾಡ್ತೇವಿ ಅಂತ ಬರದಿದ್ದೆ, ಸರ್. ನೀವೂ ನೋಡಿದ್ರಲ್ಲ?”

“ನೋಡ್ದೆ. ಸರಿಯಾಗೇ ಇದೆ!”

ಸಭಾಂಗಣದ ಬಾಗಿಲಲ್ಲಿ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವಳು ಭಾವನಾ, ಇಲ್ಲಿಯೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ.

“ಭಾಷಣದ ಪಟ್ಟಿಯಿಂದ ನಮ್ಮ ಹೆಸರು ಯಾಕವ್ವಾ ತೆಗದಿ?” ಎಂದು ನೌರೀನ್ ಕೇಳಿದಳು.

“ಬಟ್ ಆಂಟಿ, ಯೂ ಆಸ್ಕ್‌ಡ್ ಅಸ್ ಟು! ಟೇಬಲ್ ಮೀನ್ಸ್ ಪೋಸ್ಟ್‌ಪೋನ್.”

“ಅಲ್ಲವ್ವಾ! ಟೇಬಲ್ ಮ್ಯಾಲೆ ಇಡೋದು ಅಂದ್ರ ಎಲ್ಲಾರ ಮುಂದ ಇಡೋದು.”

“ನಾಟ್ ಇನ್ ಅಮೆರಿಕಾ, ಆಂಟಿ.”

ಡಾಕ್ಟರು ಹಣೆ ಚಚ್ಚಿಕೊಂಡರು. “ಮೂವತ್ತು ವರ್ಷದಿಂದ ಈ ದೇಶದಲ್ಲಿದ್ದೀನಿ, ಜ್ವರ, ಕೆಮ್ಮು ಬಿಟ್ಟು ಬೇರೆ ಇಂಗ್ಲಿಷೇ ಕಲೀಲಿಲ್ಲ ನೋಡು!”

ಒಳಗೆ ಆಗಲೇ ಭಾಷಣ ಶುರುವಾಗಿತ್ತು. ಡಾಕ್ಟರ ಫೋನು ಮತ್ತೆ ರಿಂಗಾಯಿತು, ಮಂತ್ರಿಯದೇ. “ಸಭೆಯವರದೇ ತಪ್ಪು ಅಂದ್ಬಿಡ್ತೀನಿ, ಸುಮ್ನಿರು,” ಎಂದರು ಡಾಕ್ಟರು ಮೆಲ್ಲಗೆ. ನೌರೀನ್ ಭಾವನಾಳ ಮುಖ ನೋಡಿದಳು. ಆ ಹುಡುಗಿಗೆ ಕನ್ನಡ ಅರ್ಥವಾಗಿತ್ತು, ಮುಖ ಬಿಳಿಚಿಕೊಂಡಿತ್ತು. ನೌರೀನ್ ಫೋನು ಕಸಿದುಕೊಂಡಳು.

“ಆ ಮಾತು ನನ್ನದು ಸರ್, ನಾನು ಬರೆದದ್ದು,” ಎಂದು ಇಂಗ್ಲಿಷಿನಲ್ಲಿ ನಡೆದದ್ದೆಲ್ಲ ಹೇಳಿದಳು.

ಮಂತ್ರಿ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, “ನಿನ್ನ ಕೆಲಸದ ಮಾತು ಆಮೇಲೆ. ಮೊದಲು ನಮ್ಮ ಸರದಿ ವಾಪಸು ತಗೋ,” ಎಂದರು.

ಭಾವನಾ ಸಭೆಯ ಅಧ್ಯಕ್ಷೆಯ ಹತ್ತಿರ ಓಡಿ ಹೋಗಿ ಬಂದಳು. ಅಧ್ಯಕ್ಷೆ ಕನ್ನಡಕದ ಮೇಲಿಂದ ಇಣುಕಿ, ನಿಮ್ಮ ನಿಲುವನ್ನು ಒಂದೇ ವಾಕ್ಯದಲ್ಲಿ ಬರೆದುಕೊಡಿ, ಆ ಪದ ಬೇಡ, ಎಂದರಂತೆ. ನೌರೀನ್ ಒಂದು ಹಾಳೆ ಎಳೆದುಕೊಂಡಳು. ಬರೆದಳು, ಭಾವನಾಗೆ ಓದಿಸಿದಳು, ಡಾಕ್ಟರು ಸಹಿ ಹಾಕಿದರು.

ಎಲ್ಲರೂ ಭಾಷಣ ಮುಗಿಸಿ ಜನ ಏಳುತ್ತಿದ್ದ ಹೊತ್ತಿಗೆ ತೊಲೆಫಾದ ಹೆಸರು ಕೂಗಿದರು. ಏಳುತ್ತಿದ್ದವರು ಮತ್ತೆ ಕುಳಿತರು. ಡಾಕ್ಟರು ಮೈಕಿನ ಮುಂದೆ ಬಂದು ನಿಂತರು. ಅವರ ಮಾತು ಹಿಂದಿನ ಸಾಲಿಗೂ ಕೇಳಿಸಿತು: ನಮ್ಮ ದೇಶ ಸುಧಾರಣೆಯನ್ನು ಬೆಂಬಲಿಸುತ್ತದೆ, ಇವತ್ತೇ.

ಮಂತ್ರಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಪ್ರತಿ ಪತ್ರವನ್ನೂ ಅಮೆರಿಕದಲ್ಲೇ ಬೆಳೆದವರೊಬ್ಬರಿಗೆ ತೋರಿಸಿಯೇ ಕಳಿಸಬೇಕೆಂದು ಕಟ್ಟಪ್ಪಣೆ ಮಾಡಿದರು. ನೌರೀನ್ ಈಗ ವಾಲ್ನಟ್ ಕ್ರೀಕ್‌ನ ಅದೇ ಕಚೇರಿಯಲ್ಲಿ ತೊಲೆಫಾದ ಪತ್ರವ್ಯವಹಾರ ನೋಡಿಕೊಳ್ಳುತ್ತಾಳೆ.