ದಾಳದಲ್ಲಿ ಒಂದು ಬಿದ್ದರೆ

ನನ್ನ ತಮ್ಮ ಪುಣೆಯಲ್ಲಿ ಓದುವಾಗ ಕಲಿತು ಬಂದ ಆಟ ಅದು. ಬೈಲಹೊಂಗಲದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ವರು ಸೇರುತ್ತಿದ್ದೆವು. ಒಬ್ಬರು ಕಥೆ ನಡೆಸಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಬೇಕು. ನಡೆಸುವವಳು ನಾನು. ತಮ್ಮ ಕತ್ತಿವೀರ, ಎದುರುಮನೆಯ ಟೇಲರ್ ಅಕ್ಕ ಮಾಟಗಾತಿ, ಕಿತ್ತೂರಿನಿಂದ ಬರುತ್ತಿದ್ದ ತಮ್ಮನ ಗೆಳೆಯ ಬಿಲ್ಲುಗಾರ. ಈ ಗೆಳೆಯನಿಗೆ ಸ್ವಂತದ ಟ್ರ್ಯಾಕ್ಸ್ ಗಾಡಿ ಇತ್ತು. ವಾರವೆಲ್ಲ ಮದುವೆ, ಜಾತ್ರೆಗಳ ಬಾಡಿಗೆ ಓಡಿಸಿ ಭಾನುವಾರ ನಮ್ಮಲ್ಲಿಗೆ ಬರುತ್ತಿದ್ದ.

ಆಟದಲ್ಲಿ ಏನು ಮಾಡಬೇಕೆಂದರೂ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹೆಚ್ಚು ಬಿದ್ದರೆ ಕೆಲಸ ಕೈಗೂಡಿತು, ಕಡಿಮೆ ಬಿದ್ದರೆ ಇಲ್ಲ. ಒಂದು ಬಿದ್ದರೆ ಮಾತ್ರ ಬರೀ ಸೋಲಲ್ಲ, ಅನಾಹುತ. ಆ ಅನಾಹುತ ಎಂಥದ್ದು ಎಂಬುದಕ್ಕೆ ಆಡುವ ಮನೆಯವರೇ ಕಾನೂನು ಮಾಡಿಕೊಳ್ಳುತ್ತಾರೆ. ನಮ್ಮದನ್ನು ತಮ್ಮ ಮಾಡಿದ್ದ. ಒಂದು ಬಿದ್ದವನು ಮತ್ತೊಮ್ಮೆ ಉರುಳಿಸಬೇಕು. ಆಗ ಬಿದ್ದ ಸಂಖ್ಯೆಯ ಪ್ರಕಾರ ಧೋತರ ಕಳಚುವುದರಿಂದ ಹಿಡಿದು ತನ್ನವರಿಗೇ ಬಾಣ ಬಡಿಯುವವರೆಗೆ ಏನಾದರೂ ಆಗಬಹುದು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಕಳೆದ ವರ್ಷ ಮದುವೆಯ ದಿಬ್ಬಣ ಹೊತ್ತು ಹೊರಟಿದ್ದಾಗ, ಸವದತ್ತಿ ದಾಟಿ ರಾಮದುರ್ಗದ ಹಾದಿಯಲ್ಲಿ ಆ ಗೆಳೆಯನ ಗಾಡಿಯ ಬ್ರೇಕ್ ಪೈಪ್ ಒಡೆಯಿತು. ಎದುರಿಗೆ ಎತ್ತಿನ ಗಾಡಿ. ತಪ್ಪಿಸಲು ಹೊರಳಿಸಿದವನು ತಗ್ಗಿಗೆ ಇಳಿದ. ಹೆಚ್ಚಿನವರಿಗೆ ತರಚು ಗಾಯ. ಒಬ್ಬ ಮುದುಕಿಯ ಕೈ ಮುರಿಯಿತು.

ಅದಾದ ಮೇಲಿನ ಭಾನುವಾರವೂ ಅವನು ಬಂದ. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಎಂದ. ನಮ್ಮಲ್ಲೂ ಕೂರಲಾಗಲಿಲ್ಲ, ಮೊಳಕಾಲು ಕುಣಿಸುತ್ತಿದ್ದ, ಎದ್ದು ಕಿಟಕಿಗೆ ಹೋಗುತ್ತಿದ್ದ, ಮತ್ತೆ ಬಂದು ಕೂರುತ್ತಿದ್ದ. ಅವನ ಸರದಿ ಬಂತು. ಒಂದು ಬಿತ್ತು. ಮತ್ತೊಮ್ಮೆ ಉರುಳಿಸಿದ. ಬಾಣ ತನ್ನವರಿಗೇ.

“ಹೋತು, ಟೇಲರ್ ಅಕ್ಕನ ಕೈ ಹೋತು,” ಎಂದು ತಮ್ಮ ರೂಢಿಯಂತೆ ನಕ್ಕುಬಿಟ್ಟ. ನಗು ಅರ್ಧಕ್ಕೇ ನಿಂತಿತು. ಗೆಳೆಯ ದಾಳವನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು, ಏನೋ ಕೆಲಸವಿದೆ ಎಂದು ಮೆಟ್ಟಿಲಿಳಿದು ಹೋದ.

ಆ ಕಾನೂನನ್ನೇ ತೆಗೆದುಹಾಕೋಣ ಎಂದು ತಮ್ಮನಿಗೆ ಹೇಳಿದೆ. ಅವನು ಒಪ್ಪಲಿಲ್ಲ. “ಅಂವನ ಸಲುವಾಗಿ ಕಾನೂನು ಬದಲಿ ಮಾಡಿದ್ರ ಅಂವಗ ಇನ್ನೂ ಹೆಚ್ಚು ಚುಚ್ಚತೈತಿ, ಅಕ್ಕಾ,” ಎಂದ. ಅದೂ ಸುಳ್ಳೆನಿಸಲಿಲ್ಲ.

ಆ ವಾರ ನನಗೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ನಾನು ಸವದತ್ತಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ದಿನಾ ಹೋಗಿಬರುವ ಬಸ್ಸಿನವರು ಬ್ರೇಕ್ ಒತ್ತಿದಾಗಲೆಲ್ಲ ನನ್ನ ಕಾಲೂ ನೆಲ ಒತ್ತುತ್ತಿತ್ತು. ಒಂದು ಬಿದ್ದರೆ ಬರೀ ಸರದಿ ತಪ್ಪಲಿ. ಇಲ್ಲ, ಆಯುಧ ಮಾತ್ರ ಮುರಿಯಲಿ. ಇಲ್ಲ, ದಾಳದಿಂದ ಒಂದನ್ನೇ ಅಳಿಸಿಬಿಡೋಣ. ದಾರಿಯ ನಡುವೆ ಒಂದು ಕಾನೂನು ಮಾಡಿದರೆ ಊರು ಮುಟ್ಟುವಷ್ಟರಲ್ಲಿ ಅದು ಸುಳ್ಳೆನಿಸುತ್ತಿತ್ತು. ತರಗತಿಯಲ್ಲಿ ಲೆಕ್ಕವನ್ನು ಅರ್ಧ ಬರೆದು ನಿಂತುಬಿಡುತ್ತಿದ್ದೆ.

ಮುಂದಿನ ಭಾನುವಾರ ಅವನು ಬರಲಿಲ್ಲ, ಫೋನೂ ಎತ್ತಲಿಲ್ಲ. ರಜೆ ಸಿಕ್ಕ ದಿನ ಕಿತ್ತೂರಿಗೆ ಹೋದೆ. ಬಸ್ ನಿಲ್ದಾಣದಲ್ಲೇ ಸಿಕ್ಕ, ಕೈಯಲ್ಲಿ ಮೋಸಂಬಿಯ ಚೀಲ. ರಾಮದುರ್ಗಕ್ಕೆ ಹೊರಟಿದ್ದ, ಆ ಮುದುಕಿಯ ಮನೆಗೆ. ಆಗಾಗ ಹೋಗುತ್ತಾನಂತೆ. ಎದುರಿನ ಬೇವಿನ ಗಿಡದ ಕೆಳಗೆ ನಿಂತು, ಮನೆಯ ಮಕ್ಕಳ ಕೈಗೆ ಹಣ್ಣು ಕೊಟ್ಟು, ಒಳಗೆ ಹೋಗದೆ ತಿರುಗಿ ಬರುತ್ತಾನಂತೆ.

“ಒಳಗ ಹೋಗಿ ಏನಂತ ಹೇಳ್ಲಿ, ಅಕ್ಕಾರ? ಬ್ರೇಕ್ ಹೋತು ಅಂದ್ರ ತಪ್ಪಿಸ್ಕೊಂಡಂಗ ಆಕ್ಕೈತಿ. ನಂದ ತಪ್ಪು ಅಂದ್ರ ಅದೂ ಖರೇ ಅಲ್ಲ.”

ನಾನೂ ಅವನ ಜೊತೆ ಬಸ್ ಹತ್ತಿದೆ. ಸವದತ್ತಿಯಲ್ಲಿ ಇಳಿದು ಬೇರೆ ಬಸ್ ಹಿಡಿದೆವು. ಗಾಡಿ ಬಿದ್ದ ಜಾಗ ಹತ್ತಿರ ಬಂದಾಗ ಅವನು ಸೀಟು ಬಿಟ್ಟೆದ್ದು ಬಾಗಿಲ ಕಂಬಿ ಹಿಡಿದು ನಿಂತ. ರಾಮದುರ್ಗ ಬರುವವರೆಗೂ ಮತ್ತೆ ಕೂರಲಿಲ್ಲ.

ಮುದುಕಿ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಮೊರದಲ್ಲಿ ಜೋಳ ಹಸನು ಮಾಡುತ್ತಾ ಕಟ್ಟೆಯ ಮೇಲೆ ಕೂತಿದ್ದಳು. ಈ ಸಲ ನಾನಿದ್ದುದರಿಂದ ಅವನಿಗೆ ಗಿಡದ ಕೆಳಗೆ ನಿಲ್ಲಲಾಗಲಿಲ್ಲ.

“ಗಿಡದ ಬುಡಕ ನಿಂತು ಹೋಗಾಂವ ನೀನ ಏನು? ಕುಂದರು,” ಎಂದಳು ಮುದುಕಿ.

ಅವನು ನಿಂತೇ ಬ್ರೇಕಿನ ಕಥೆ ಶುರು ಮಾಡಿದ. ಅವಳು ನಡುವೆಯೇ ತಡೆದಳು.

“ಅದು ನನಗೂ ಗೊತ್ತೈತಿ. ನಾನೂ ಅದರಾಗ ಇದ್ನ್ಯಲ್ಲ. ಆಮ್ಯಾಲೆ ನನ್ನ ಹೊತ್ಕೊಂಡು ರಸ್ತಾಕ್ಕ ಬಂದಿ, ಅದನ್ಯಾಕ ಹೇಳವಲ್ಲಿ?”

ಅವನಿಗೆ ಅದು ನೆನಪೇ ಇರಲಿಲ್ಲ. ಅವಳೇ ಹೇಳಿದಳು. ತಗ್ಗಿನಿಂದ ಅವಳನ್ನು ಎತ್ತಿ ತಂದಿದ್ದ, ಹೆಗಲ ಟವೆಲಿನಿಂದ ಕೈ ಬಿಗಿದು ಕಟ್ಟಿದ್ದ, ರಸ್ತೆಯ ನಡುವೆ ನಿಂತು ಹಾಲಿನ ಗಾಡಿಯನ್ನು ತಡೆದು ದವಾಖಾನೆಗೆ ಒಯ್ದಿದ್ದ. ಅವನು ಕಟ್ಟೆಯ ತುದಿಗೆ ಕೂತು ಬೇರೆ ಯಾರದೋ ಸುದ್ದಿ ಎಂಬಂತೆ ಕೇಳಿದ. ಚಹಾ ಬಂತು, ಕುಡಿದ.

ಭಾನುವಾರ ಬಂದವನೇ ಕಾನೂನಿನ ಮಾತೆತ್ತಿದ. “ಅನಾಹುತ ಆಗೂದು ಆಗ್ಲಿ, ಅದನ್ನ ದಾಳ ಹೇಳ್ಲಿ. ಅದರ ಮ್ಯಾಲೆ ಏನ್ ಮಾಡ್ತೇನಿ ಅನ್ನೂದನ್ನ ಒಂದು ಬಿದ್ದಾಂವನ ಹೇಳಬೇಕು. ಅಲ್ಲೀತನಕ ಯಾರೂ ನಗಬಾರದು.”

ಆಟ ನಿಧಾನವಾಗುತ್ತದೆ ಎಂದು ತಮ್ಮ ಗೊಣಗಿದ. ಹೇಳಿದ ಮೇಲೆ ನಗಲು ಅಡ್ಡಿಯಿಲ್ಲವೇ ಎಂದು ಕೇಳಿ ಖಾತ್ರಿ ಮಾಡಿಕೊಂಡು ಒಪ್ಪಿದ. ಹೊಸ ಕಾನೂನಿಗೆ ಮೊದಲು ಸಿಕ್ಕಿದ್ದು ಟೇಲರ್ ಅಕ್ಕ. ಅವಳ ಮಂತ್ರ ತಿರುಗಿಬಿದ್ದು ನಾವು ನಿಂತ ಸೇತುವೆಗೇ ಬೆಂಕಿ ಹತ್ತಿತು. ಏನು ಮಾಡಲಿ ಎಂದು ಅವಳು ಯೋಚಿಸುತ್ತಲೇ ಕೂತಳು. ನನಗೋ ತಡೆಯಲಾಗದೆ ಎದ್ದು ಕೋಣೆಯಲ್ಲಿ ಅಡ್ಡಾಡತೊಡಗಿದೆ. ಕೊನೆಗೆ, ಉಟ್ಟ ಇಳಕಲ್ಲ ಸೀರೆಯನ್ನು ಹೊಳೆಯಲ್ಲಿ ತೋಯಿಸಿ ಬೆಂಕಿಯ ಮೇಲೆ ಹಾಸುತ್ತೇನೆ ಎಂದಳು. ಎಲ್ಲರಿಗಿಂತ ಮೊದಲು ನಕ್ಕವನು ಗೆಳೆಯ.

ಟ್ರ್ಯಾಕ್ಸ್ ರಿಪೇರಿಯಾಗಿ ಬಂದಿದೆ. ಧಾರವಾಡ, ಬೆಳಗಾವಿಯ ಬಾಡಿಗೆಗಳನ್ನು ಅವನೇ ಹೊಡೆಯುತ್ತಾನೆ. ರಾಮದುರ್ಗದ ಕಡೆಯದು ಬಂದರೆ ಇನ್ನೂ ಬೇರೆಯವರಿಗೆ ಬಿಟ್ಟುಕೊಡುತ್ತಾನೆ. ಮುದುಕಿಯನ್ನು ನೋಡಲು ಬಸ್ಸಿನಲ್ಲಿ ಹೋಗಿಬರುತ್ತಾನೆ.